ಓದಿಗೆ ಕೊಟ್ಟ ದುಡ್ಡು ಓದಿಗೇ ಸಲ್ಲಲಿ

ನಮ್ಮ ಕಡೆ ಕೊಡುವ ಕೈಗಳಿಗೆ ಬರವಿಲ್ಲ. ಯಾವ ಊರಿನ ಗುಡಿಗೆ ಹೋದರೂ ಗೋಡೆಯಲ್ಲಿ ಕೂಡಿಸಿದ ಕಲ್ಲು, ತಲೆಯ ಮೇಲೆ ತಿರುಗುವ ಫ್ಯಾನು, ದಾಸೋಹದ ಕೊಪ್ಪರಿಗೆ, ಎಲ್ಲದರ ಮೇಲೂ ಕೊಟ್ಟವರ ಹೆಸರು ಇರುತ್ತದೆ. ಹೆಸರಿನ ಆಸೆ ಎಂದು ನಗುವವರಿದ್ದಾರೆ. ಆದರೆ ಕೊಪ್ಪರಿಗೆಯ ಮೇಲೆ ಕೊರೆದ ಹೆಸರಿಗೆ ಇನ್ನೊಂದು ಕೆಲಸವೂ ಉಂಟು. ಅದು ಸಾಕ್ಷಿ. ಆ ಕೊಪ್ಪರಿಗೆಯನ್ನು ಯಾರೂ ಮನೆಗೆ ಒಯ್ಯಲಾರರು, ಗುಜರಿಗೆ ಹಾಕಲಾರರು.

ಊರಿನ ಗ್ರಂಥಾಲಯಕ್ಕೆ ಕೊಟ್ಟ ದುಡ್ಡಿಗೆ ಇಂಥ ಸಾಕ್ಷಿ ಎಲ್ಲಿದೆ?

ಮುಂಡರಗಿ ತಾಲ್ಲೂಕಿನ ತುಂಗಭದ್ರೆಯ ದಂಡೆಯ ಮೇಲೆ ಸಿಂಗಟಾಲೂರು ಇದೆ. ವೀರಭದ್ರೇಶ್ವರನ ಗುಡಿಯಿಂದ, ಏತ ನೀರಾವರಿ ಯೋಜನೆಯಿಂದ ಹೆಸರು ಮಾಡಿದ ಊರು. ಅಲ್ಲಿಯ ಒಬ್ಬ ರೈತರ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದಳೆಂದು ಇಟ್ಟುಕೊಳ್ಳೋಣ. ಆ ಖುಷಿಗೆ, ಉಳ್ಳಾಗಡ್ಡಿಗೆ ನಾಲ್ಕು ಕಾಸು ಬಂದ ವರ್ಷವೇ ಆದದ್ದರಿಂದ, ಅವರು ಗ್ರಂಥಾಲಯಕ್ಕೆಂದು 10,000 ರೂಪಾಯಿ ಕೊಡುತ್ತಾರೆ. ಆ ದುಡ್ಡು ಯಾವ ಪೆಟ್ಟಿಗೆಗೆ ಬೀಳುತ್ತದೆ ಎಂಬುದೇ ಪ್ರಶ್ನೆ.

ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಇದರಿಂದ ಒಳ್ಳೆಯದೂ ಆಗಿದೆ. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ‘ಪುಸ್ತಕ ಜೋಳಿಗೆ’ ಹಿಡಿದು ಜನರಿಂದ ಪುಸ್ತಕ ಕೂಡಿಸಲಾಯಿತು. ಅನೇಕ ಕಡೆ ಬಾಗಿಲು ತೆರೆಯದಿದ್ದ ಕೋಣೆಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಆದರೆ ಬೀದಿದೀಪ, ಕುಡಿಯುವ ನೀರು, ಗಟಾರು, ಗ್ರಂಥಾಲಯ ಎಲ್ಲವನ್ನೂ ನೋಡಿಕೊಳ್ಳಬೇಕಾದ್ದು ಒಂದೇ ಪಂಚಾಯಿತಿ. ರೈತರ 10,000 ರೂಪಾಯಿ ಅದರ ಸಾಮಾನ್ಯ ಖಾತೆಗೆ ಜಮಾ ಆಯಿತೆನ್ನಿ. ಮರುದಿನ ಬೋರ್‌ವೆಲ್ ಮೋಟಾರು ಸುಟ್ಟಿತು. ಊರಿಗೆ ನೀರಿಲ್ಲ. ಯಾವ ದುಡ್ಡಿದೆಯೋ ಅದರಿಂದಲೇ ರಿಪೇರಿ ಆಗುತ್ತದೆ. ಇಲ್ಲಿ ಯಾರೂ ಕಳ್ಳರಲ್ಲ. ಆದರೂ ಪುಸ್ತಕದ ದುಡ್ಡು ಹೋಯಿತು.

ದೇಣಿಗೆ ಕರಗುವ ದಾರಿಗಳು ಮೂರು. ಮೊದಲನೆಯದು ಈಗ ಹೇಳಿದ ಬೆರಕೆ. ಎರಡನೆಯದು ಇನ್ನೂ ಸೂಕ್ಷ್ಮ. ದಾನಿಗಳು ಪುಸ್ತಕ ಕೊಟ್ಟರಲ್ಲ, ಈ ವರ್ಷ ನಾವು ಕೊಳ್ಳುವುದು ಬೇಡ ಎಂದು ಸ್ಥಳೀಯ ಸಂಸ್ಥೆ ತನ್ನ ಪಾಲನ್ನು ಕಡಿಮೆ ಮಾಡುವುದು. ಆಗ ದಾನಿಯ ದುಡ್ಡು ಲೆಕ್ಕದಲ್ಲಿ ಗ್ರಂಥಾಲಯಕ್ಕೇ ಹೋಗಿರುತ್ತದೆ, ಗ್ರಂಥಾಲಯಕ್ಕೆ ಮಾತ್ರ ಒಂದು ಪುಸ್ತಕವೂ ಹೆಚ್ಚಾಗಿರುವುದಿಲ್ಲ. ಮೂರನೆಯದು, ವಾಚನಾಲಯಕ್ಕೆಂದು ಕಟ್ಟಿಸಿಕೊಟ್ಟ ಕೋಣೆ ಬರಬರುತ್ತ ಸಾಮಾನಿನ ಕೋಣೆಯೋ ಸಭೆಯ ಕೋಣೆಯೋ ಆಗುವುದು.

ಇದಕ್ಕೆ ಕಾನೂನಿನ ಬೇಲಿ ಇಲ್ಲವೆಂದಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿಯೇ ಆಯಿತು. ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳಿಗೆ ಪ್ರತ್ಯೇಕ ಗ್ರಂಥಾಲಯ ನಿಧಿ ಇರಬೇಕೆಂದು ಅದು ಹೇಳಿತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲು ದಾರಿ ಮಾಡಿತು. ನೀವು ಮನೆಗೆ 1,000 ರೂಪಾಯಿ ತೆರಿಗೆ ಕಟ್ಟಿದರೆ, ರೂಪಾಯಿಗೆ 6 ಪೈಸೆಯಂತೆ 60 ರೂಪಾಯಿ ಗ್ರಂಥಾಲಯದ ಬಾಬ್ತಿನದು. ನಗರಸಭೆ ಅದನ್ನು ವಸೂಲು ಮಾಡಿಕೊಡುವ ಸಂಸ್ಥೆಯೇ ಹೊರತು ಅದರ ಒಡೆಯನಲ್ಲ. ಬಸ್ ಕಂಡಕ್ಟರ್ ಚೀಲದಲ್ಲಿರುವ ದುಡ್ಡು ಕಂಡಕ್ಟರರದಲ್ಲವಷ್ಟೆ?

ಆದರೆ ನಡೆದದ್ದೇನು? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇದ್ದ ಕಾಲದಲ್ಲಿ, ಜನ ಕಟ್ಟಿದ ಗ್ರಂಥಾಲಯ ಕರದಲ್ಲಿ ನೂರಾರು ಕೋಟಿ ರೂಪಾಯಿ ಗ್ರಂಥಾಲಯಗಳಿಗೆ ಸಲ್ಲದೆ ಬಾಕಿ ಉಳಿದದ್ದು ವರ್ಷಗಟ್ಟಲೆ ಸುದ್ದಿಯಾಯಿತು. ಕಾಯ್ದೆಯೇ ಕೈಹಿಡಿದು ಬರೆಸಿದ ಕರದ ಗತಿ ಇದಾದರೆ, ಪ್ರೀತಿಯಿಂದ ಕೊಟ್ಟ ದೇಣಿಗೆಯನ್ನು ಕೇಳುವವರು ಯಾರು? ಕೊಟ್ಟವರೇ ಕೇಳಬೇಕು. ಕೊಡುವಾಗಲೇ ಕೇಳಬೇಕು.

ಮೈಸೂರಿನ ಒಂದು ಉದಾಹರಣೆ ನೋಡಿ. ಕೂಲಿ ಕೆಲಸ ಮಾಡುತ್ತಿದ್ದ ಸೈಯದ್ ಇಸಾಕ್ ಅವರು ರಾಜೀವನಗರದಲ್ಲಿ ಜನರಿಗಾಗಿ ನಡೆಸುತ್ತಿದ್ದ ಗ್ರಂಥಾಲಯ 2021ರ ಏಪ್ರಿಲ್ 9ರಂದು ಬೆಂಕಿಗೆ ಆಹುತಿಯಾಯಿತು. 11,000ದಷ್ಟು ಪುಸ್ತಕಗಳು ಸುಟ್ಟುಹೋದವು. ಮರುಗಿದ ಜನ ಕೆಲವೇ ದಿನಗಳಲ್ಲಿ ಇಂಟರ್‌ನೆಟ್ ಮೂಲಕ ಲಕ್ಷಗಟ್ಟಲೆ ರೂಪಾಯಿ ಕೂಡಿಸಿದರು. ಅಷ್ಟರಲ್ಲಿ ಗ್ರಂಥಾಲಯವನ್ನು ತಾವೇ ಕಟ್ಟಿಸಿಕೊಡುವುದಾಗಿ ಸರ್ಕಾರದವರು ಹೇಳಿದರು. ಆಗ ಹಣ ಸಂಗ್ರಹಿಸಿದವರು ಅದನ್ನು ಕೊಟ್ಟವರಿಗೇ ಹಿಂದಿರುಗಿಸುವ ತೀರ್ಮಾನ ಮಾಡಿದರು. ಆ ತೀರ್ಮಾನ ಸರಿಯೋ ತಪ್ಪೋ, ವಾದಿಸಬಹುದು. ಆದರೆ ಹಿಂದಿರುಗಿಸುವ ಮಾತು ಬಂದದ್ದಾದರೂ ಹೇಗೆ? ದುಡ್ಡು ಬೇರೆಯಾಗಿತ್ತು, ಯಾರು ಎಷ್ಟು ಕೊಟ್ಟರೆಂಬ ಲೆಕ್ಕವಿತ್ತು, ಯಾತಕ್ಕೆ ಎಂಬುದು ಸ್ಪಷ್ಟವಿತ್ತು. ಸಾಮಾನ್ಯ ಖಾತೆಯಲ್ಲಿ ಬೆರೆತ ದುಡ್ಡಿಗೆ ಈ ಮೂರೂ ಇರುವುದಿಲ್ಲ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನವು ಅಲ್ಲಿಯ ವಿದ್ಯಾಕೇಂದ್ರಕ್ಕೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 50 ಮಂದಿ, ಅವರಿಗೆ ಉಪಾಧ್ಯಾಯರು, ಅವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳು, ಅಂದರೆ ಗ್ರಂಥಪಾಲಕರು! ‘ವಿದ್ಯೆಗೆ ಕೊಟ್ಟೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳದೆ, ಯಾರುಯಾರಿಗೆ ಎಂದು ಬಿಡಿಸಿ ಬರೆಸಿದ್ದಾರೆ. ನಮ್ಮ ದಾನಶಾಸನಗಳೆಲ್ಲ ಹೀಗೆಯೇ. ಭೂಮಿಯ ಎಲ್ಲೆ, ಕೊಟ್ಟ ಉದ್ದೇಶ, ಕೊನೆಗೆ ದಾನವನ್ನು ಅಪಹರಿಸಿದವರು ಹುಳವಾಗಿ ಹುಟ್ಟುತ್ತಾರೆಂಬ ಶಾಪ. ಶಾಪಕ್ಕೆ ಇಂದು ಯಾರೂ ಅಂಜಲಿಕ್ಕಿಲ್ಲ. ಎಲ್ಲೆ ಮತ್ತು ಉದ್ದೇಶ ಬರೆಸುವ ರೂಢಿಯನ್ನಾದರೂ ನಾವು ಬಿಡಬಾರದಿತ್ತು.

ಹೊರದೇಶದವರೂ ಇದೇ ಪಾಠ ಕಲಿತವರು. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಜಗತ್ತಿನಾದ್ಯಂತ 2,500ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳಿಗೆ ಹಣ ಕೊಟ್ಟರು. ಮೊದಲನೆಯದು 1883ರಲ್ಲಿ ಅವರ ಹುಟ್ಟೂರು, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ತೆರೆಯಿತು. ಅಮೆರಿಕದ ಊರುಗಳಿಗೆ ಅವರು ಹಾಕುತ್ತಿದ್ದ ಷರತ್ತು ಸರಳ: ಜಾಗ ನೀವು ಕೊಡಿ, ನಾನು ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ಪ್ರತಿ ವರ್ಷ ನಿಮ್ಮ ತೆರಿಗೆಯಿಂದ ಗ್ರಂಥಾಲಯಕ್ಕೆ ತೆಗೆದಿಡಿ. ದಾನ ಬಂತೆಂದು ಊರು ತನ್ನ ಹೊಣೆ ಕಳಚಿಕೊಳ್ಳಬಾರದು ಎಂಬುದು ಇದರ ತಿರುಳು. ಮಾತು ತಪ್ಪಿದ ಊರುಗಳೂ ಇದ್ದವು. ಆದರೆ ಷರತ್ತು ಬರವಣಿಗೆಯಲ್ಲಿ ಇದ್ದುದರಿಂದ ತಪ್ಪಿದ್ದು ಎದ್ದು ಕಂಡಿತು.

ಹಾಗಾದರೆ ಸಾಮಾನ್ಯ ಪಾಲಕರು ಏನು ಮಾಡಬಹುದು? ಪುಸ್ತಕ ಕೊಡುವುದಾದರೆ, ಪ್ರತಿ ಪುಸ್ತಕವೂ ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ನಂಬರು ಹತ್ತುವ ತನಕ ನಿಂತು ನೋಡಿ. ನಂಬರು ಹತ್ತಿದ ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾಗುತ್ತದೆ. ನಂಬರಿಲ್ಲದ್ದು ಕಳೆದರೆ ಕಳೆದದ್ದೇ ಗೊತ್ತಾಗುವುದಿಲ್ಲ. ಹಣ ಕೊಡುವುದಾದರೆ ಚೆಕ್ಕಿನ ಮೂಲಕ ಕೊಡಿ. ‘ಗ್ರಂಥಾಲಯದ ಪುಸ್ತಕ ಖರೀದಿಗೆ ಮಾತ್ರ’ ಎಂದು ಪತ್ರ ಬರೆದು, ಅದೇ ಮಾತಿರುವ ರಸೀದಿ ಪಡೆಯಿರಿ. ಪಂಚಾಯಿತಿ ಸಭೆಯಲ್ಲಿ ಅದನ್ನು ಒಪ್ಪಿಕೊಂಡ ಠರಾವು ಆಗಲಿ. ಅದರ ನಕಲು ನಿಮ್ಮ ಹತ್ತಿರವಿರಲಿ.

ಮೊತ್ತ ದೊಡ್ಡದಾದರೆ ದತ್ತಿ ಇಡುವುದು ಲೇಸು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳನ್ನು ನೀವು ಕೇಳಿರುತ್ತೀರಿ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಕಾರ್ಯಕ್ರಮ. ಶೇ 6ರ ಬಡ್ಡಿ ಎಂದಿಟ್ಟುಕೊಂಡರೂ 50,000 ರೂಪಾಯಿಗೆ ವರ್ಷಕ್ಕೆ 3,000 ಬರುತ್ತದೆ. 300 ರೂಪಾಯಿಯ ಪುಸ್ತಕ ಹತ್ತು ಬರುತ್ತವೆ. ಜಾಗ, ಕಟ್ಟಡ ಕೊಡುವವರಂತೂ ನೋಂದಾಯಿತ ದಾನಪತ್ರವಿಲ್ಲದೆ ಕೊಡಲೇಬಾರದು. ಧರ್ಮಾರ್ಥ ದತ್ತಿಗಳಿಗಾಗಿಯೇ 1890ರ ಕೇಂದ್ರ ಕಾಯ್ದೆಯೊಂದು ಇದೆ. ವಕೀಲರೊಬ್ಬರನ್ನು ಕೇಳಿ ತಿಳಿದುಕೊಳ್ಳಿ.

ಒಂದು ಎಚ್ಚರಿಕೆಯ ಮಾತು. ಬೇಲಿ ಬಿಗಿಯಾಗಿ ಬೆಳೆಗೇ ಉಸಿರು ಕಟ್ಟಬಾರದು. ‘ಇಂಥ ಪತ್ರಿಕೆ ತರಿಸಲು ಮಾತ್ರ’ ಎಂದು ಬರೆದುಕೊಟ್ಟ ಮೇಲೆ ಆ ಪತ್ರಿಕೆಯೇ ನಿಂತುಹೋದರೆ, ದುಡ್ಡು ಬ್ಯಾಂಕಿನಲ್ಲಿ ಕೊಳೆಯುತ್ತದೆ. ಆದ್ದರಿಂದ ‘ಈ ಉದ್ದೇಶ ಸಾಗದಿದ್ದರೆ ಗ್ರಂಥಾಲಯದ ಬೇರೆ ಅಗತ್ಯಕ್ಕೆ ಬಳಸಬಹುದು’ ಎಂಬ ಒಂದು ಸಾಲು ಸೇರಿಸಿ. ಪಂಚಾಯಿತಿಯವರನ್ನು ಅನುಮಾನದಿಂದ ನೋಡಬೇಕಾಗಿಯೂ ಇಲ್ಲ. ಬರವಣಿಗೆ ಪ್ರಾಮಾಣಿಕರಿಗೆ ಆಸರೆ. ‘ಆ ದುಡ್ಡು ಮುಟ್ಟುವಂತಿಲ್ಲ, ಠರಾವು ಆಗಿದೆ’ ಎಂದು ಹೇಳಲು ಒಳ್ಳೆಯ ಪಿಡಿಒ ಅವರಿಗೂ ಒಂದು ಕಾಗದ ಬೇಕಲ್ಲ!

ಕೊಟ್ಟ ಮೇಲೆ ವರ್ಷಕ್ಕೊಮ್ಮೆ ಕೇಳಿ. ಗ್ರಾಮಸಭೆ ಇದೆ, ಪಂಚಾಯಿತಿಯ ಲೆಕ್ಕಪತ್ರ ಜನರ ಮುಂದೆ ಇಡುವ ಜಮಾಬಂದಿ ಇದೆ. ಅಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು.

ವಿದ್ಯಾರ್ಥಿಗಳೇ, ನಿಮ್ಮ ಪಾಲಿನ ಕೆಲಸ ಇದಕ್ಕಿಂತ ಸುಲಭ, ಇದಕ್ಕಿಂತ ದೊಡ್ಡದು. ದಿನವೂ ಹತ್ತು ಹುಡುಗರು ಕೂತು ಓದುವ ಕೋಣೆಯಲ್ಲಿ ಯಾರೂ ಸಿಮೆಂಟ್ ಚೀಲ ಒಟ್ಟಲಾರರು. ಓದುಗರಿಲ್ಲದ ಕೋಣೆಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಈ ವಾರವೇ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ, ಸದಸ್ಯರಾಗಿ, ಒಂದು ಪುಸ್ತಕ ಮನೆಗೆ ತನ್ನಿ. ಅದನ್ನು ಯಾರಾದರೂ ಕೊಡುಗೆಯಾಗಿ ಕೊಟ್ಟಿದ್ದರೆ, ಅವರ ಹೆಸರನ್ನು ಒಮ್ಮೆ ಓದಿ ಮುಂದಿನ ಪುಟ ತಿರುವಿ.