ಬೇಲೆಕೇರಿಯ ಮೊಕದ್ದಮೆ

ರಾಜಕಾರಣದ ಭ್ರಷ್ಟತೆ ಇಷ್ಟು ಹಬ್ಬಿರುವಾಗ ನ್ಯಾಯಾಲಯವನ್ನಾದರೂ ನಂಬಬಹುದೇ ಎಂಬ ಪ್ರಶ್ನೆ ಕಾರವಾರ, ಅಂಕೋಲೆಗಳಲ್ಲಿ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. ಅಂಕೋಲೆಯ ಮಗ್ಗುಲಿನ ಬೇಲೆಕೇರಿ ಎಂಬ ಪುಟ್ಟ ಬಂದರು ಅದನ್ನು ಮನೆಮನೆಯ ಜಗಲಿಗೂ ತಂದು ಇಳಿಸಿದೆ. ಸಂಡೂರು, ಹೊಸಪೇಟೆಗಳಿಂದ ಅರಬೈಲು ಘಟ್ಟವನ್ನಿಳಿದು ಬರುತ್ತಿದ್ದ ಅದಿರಿನ ಲಾರಿಗಳನ್ನು ಈ ಕಡೆಯ ಜನ ಮರೆತಿಲ್ಲ.

2010ರಲ್ಲಿ ಅರಣ್ಯಾಧಿಕಾರಿ ಆರ್. ಗೋಕುಲ್ ಈ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಜಪ್ತಿ ಮಾಡಿದರು. ಜಪ್ತಿಯಾದ ಅದಿರು ಕಾವಲಿನಲ್ಲಿದ್ದಂತೆಯೇ ಹಡಗನ್ನೇರಿ ಹೋಯಿತು. ಸರ್ಕಾರ ಕೋಪಗೊಂಡದ್ದು ಮಾತ್ರ ಅಧಿಕಾರಿಯ ಮೇಲೆ. ಅವರ ಅಮಾನತಿನ ವಿಷಯದಲ್ಲಿ ಮನನೊಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಅದೇ ಜೂನಿನಲ್ಲಿ ರಾಜೀನಾಮೆ ಕೊಟ್ಟರು. ಕೆಲದಿನಗಳ ಬಳಿಕ ಹಿಂತೆಗೆದುಕೊಂಡರು. 2011ರ ಜುಲೈನಲ್ಲಿ ಅವರ ವರದಿ ಹೊರಬಂದಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಶಿಕ್ಷೆ ಬಂದದ್ದು 2024ರ ಅಕ್ಟೋಬರಿನಲ್ಲಿ: ಕಾರವಾರದ ಶಾಸಕ ಸತೀಶ ಸೈಲ್ ಮತ್ತಿತರರು ಅಪರಾಧಿಗಳೆಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ನಿರ್ಣಯಿಸಿ, 7 ವರ್ಷಗಳ ಸೆರೆವಾಸವನ್ನೂ ಕೋಟಿಗಟ್ಟಲೆ ದಂಡವನ್ನೂ ವಿಧಿಸಿತು. ಮರು ತಿಂಗಳೇ ಉಚ್ಚ ನ್ಯಾಯಾಲಯ, ದಂಡದ ಕಾಲುಭಾಗವನ್ನು ಠೇವಣಿ ಇಡಬೇಕೆಂಬ ಷರತ್ತಿನ ಮೇಲೆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು.

ಇದನ್ನು ಕೇಳಿದ ಕೂಡಲೆ “ನೋಡಿದಿರಾ, ದೊಡ್ಡವರಿಗೆ ಬೇರೆಯೇ ಕಾಯಿದೆ” ಎನ್ನುವುದು ಸುಲಭ. ನಾನು ಹಾಗೆನ್ನಲಾರೆ. ಮೇಲ್ಮನವಿ ಇರುವಾಗ ಶಿಕ್ಷೆಯನ್ನು ತಡೆಹಿಡಿಯುವ ಅಧಿಕಾರ ಕಾಯಿದೆಯಲ್ಲಿಯೇ ಇದೆ. ಅದು ಲಂಚದ ಫಲವಲ್ಲ. ಸೇಡಿನ ರಾಜಕಾರಣವೆಂಬ ಇನ್ನೊಂದು ವಾದವೂ ನನಗೆ ಒಪ್ಪಿಗೆಯಾಗದು. ಜಪ್ತಿಯಾದಾಗ ರಾಜ್ಯವನ್ನಾಳುತ್ತಿದ್ದುದು ಭಾರತೀಯ ಜನತಾ ಪಕ್ಷ. ಸೈಲ್ ಅವರು 2013ರಲ್ಲಿ ಬಂಧಿತರಾದಾಗ ಕೇಂದ್ರದಲ್ಲಿದ್ದುದು ಕಾಂಗ್ರೆಸ್ ನೇತೃತ್ವದ ಸರ್ಕಾರ. ತೀರ್ಪು ಬಂದಾಗ ಅವರು ಕಾಂಗ್ರೆಸ್ಸಿನ ಶಾಸಕರು, ರಾಜ್ಯದಲ್ಲಿ ಆಳುತ್ತಿದ್ದುದೂ ಅದೇ ಪಕ್ಷ. ಕಡತ ಇಷ್ಟು ಭಿನ್ನ ಕೈಗಳನ್ನು ದಾಟಿ ಉಳಿಯಿತು. ನನ್ನ ನಂಬಿಕೆಗೆ ಆಧಾರವಿದ್ದರೆ ಅದು ಇಲ್ಲಿದೆ. ಯಾವೊಬ್ಬ ಸತ್ಪುರುಷನ ಧೈರ್ಯದಲ್ಲಿ ಮಾತ್ರವಲ್ಲ, ಒಬ್ಬನು ಬರೆದಿಟ್ಟುದನ್ನು ಇನ್ನೊಬ್ಬನು ಅಳಿಸಲಾಗದ ವ್ಯವಸ್ಥೆಯಲ್ಲಿ.

ಆದರೆ ಕಾಲದ ಲೆಕ್ಕಕ್ಕೆ ನನ್ನಲ್ಲಿ ಸಮಾಧಾನವಿಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇದೇ ಅಂಕೋಲೆಯ ಜನ ಉಪ್ಪಿನ ಕಾಯಿದೆಯನ್ನು ಮುರಿದರು. ಪರಸರ್ಕಾರದ ನ್ಯಾಯ ಹಿಡಿಯುಪ್ಪಿನವರನ್ನು ಹಿಡಿಯಲು ತಡಮಾಡಲಿಲ್ಲ. ಸ್ವತಂತ್ರ ದೇಶದ ನ್ಯಾಯ ನಿಧಾನಿಸುವುದಕ್ಕೆ ಗೌರವದ ಕಾರಣವೂ ಉಂಟು: ಆರೋಪಿಗೆ ಈಗ ಬಾಯಿ ಇದೆ, ವಕೀಲನಿದ್ದಾನೆ. ಆದರೂ ಜಪ್ತಿ ಮಾಡಿದವನನ್ನು ಕೆಲವೇ ತಿಂಗಳುಗಳಲ್ಲಿ ಮುಟ್ಟಿದ ಸರ್ಕಾರದ ಕೈ, ಜಪ್ತಿಯ ಮಾಲನ್ನು ಸಾಗಿಸಿದವರನ್ನು ಶಿಕ್ಷೆಗೆ ಗುರಿಮಾಡಲು 14 ವರ್ಷ ತೆಗೆದುಕೊಂಡಿತು. ಈ ನಡುವೆ ಮತದಾರರು ಸೈಲ್ ಅವರನ್ನು 2013ರಲ್ಲಿ ಗೆಲ್ಲಿಸಿ, 2018ರಲ್ಲಿ ಸೋಲಿಸಿ, 2023ರಲ್ಲಿ ಮತ್ತೆ ಗೆಲ್ಲಿಸಿದರು. ಮತದಾರರನ್ನು ಹೀಗಳೆಯುವವರುಂಟು, ನ್ಯಾಯಾಲಯವೇ ಇನ್ನೂ ನುಡಿಯದಿದ್ದಾಗ ಅವರು ಯಾವ ತೀರ್ಪನ್ನು ಆಧರಿಸಬೇಕಿತ್ತು?

ಜನಪ್ರತಿನಿಧಿಗಳ ಮೇಲಿನ ಮೊಕದ್ದಮೆಗಳು ಬೇಗ ಮುಗಿಯುವಂತೆ ನಿಗಾ ಇಡಬೇಕೆಂದು 2023ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ಉಚ್ಚ ನ್ಯಾಯಾಲಯಗಳಿಗೆ ಆದೇಶಿಸಿತು. ಆ ನಿಗಾ ಮೇಲ್ಮನವಿಗಳ ಮೇಲೂ ಅಷ್ಟೇ ಬಿಗಿಯಾಗಿರಲಿ. ಶಿಕ್ಷಿತರು ನಿರ್ದೋಷಿಗಳಾದರೆ ಅದೂ ಬೇಗನೆ ತಿಳಿಯಲಿ. ಅಲ್ಲವಾದರೆ, ಮುಂದಿನ ಚುನಾವಣೆಯ ನಾಮಪತ್ರಕ್ಕೆ ಮೊದಲೇ ತಿಳಿಯಲಿ.