ನನ್ನ ಜಡೆಯ ವಿಷಯಕ್ಕೆ ಬರಬೇಡಿ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. "ಎಲ್ಲಿ ಹೋದೆ ಮಾರಾಯ್ತಿ?" ಅಂತ ಕೇಳಿದವರಿಗೆಲ್ಲ ರಿಲೀಸು, ಡೆಡ್‌ಲೈನು ಅಂತ ಸುಳ್ಳು ಹೇಳಿದ್ದೆ. ಕ್ಷಮಿಸಿ. ನಿಜ ಏನಂದ್ರೆ, ಎಂಟು ತಿಂಗಳ ಹಿಂದೆ ನನಗೊಂದು ಆಪರೇಶನ್ ಆಯಿತು. ತೂಕ ಇಳಿಸುವ ಆಪರೇಶನ್. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಅಂತ ಹೆಸರು. ಜಠರದಲ್ಲಿ ಶೇಕಡಾ 75ರಿಂದ 80 ಭಾಗ ತೆಗೆದುಹಾಕಿ, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡುತ್ತಾರೆ. ಆಗ 112 ಕೆಜಿ ಇದ್ದೆ, ಈಗ 79.

ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಇವತ್ತು ಬರೆಯುತ್ತಿರುವುದಕ್ಕೆ ಕಾರಣ ಹೋದ ವಾರ ತಿಪಟೂರಿನಲ್ಲಿ ನಡೆದ ಒಂದು ನಾಮಕರಣ. ದೊಡ್ಡಮ್ಮನ ಮಗಳ ಮಗುವಿಗೆ ಮೂರು ತಿಂಗಳು ತುಂಬಿತ್ತು. ಊಟಕ್ಕೆ ಕೂರುವ ಹೊತ್ತಿಗೆ ದೊಡ್ಡಮ್ಮ ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ಎತ್ತಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದರು: "ಏನೇ ಇದು, ಇಲಿ ಬಾಲ ಆಗಿದೆಯಲ್ಲೇ! ಬೆವರು ಸುರಿಸಿ ಇಳಿಸೋದು ಬಿಟ್ಟು ಅಡ್ಡದಾರಿ ಹಿಡಿದ್ರೆ ಹೀಗೇ ಆಗೋದು. ದೇವರು ಒಂದು ಕೊಟ್ರೆ ಇನ್ನೊಂದು ಕಿತ್ಕೋತಾನೆ." ಅಕ್ಕಪಕ್ಕದವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದರು.

ಹತ್ತು ನಿಮಿಷ ಆಗಿರಲಿಲ್ಲ, ಒಳಗಿನ ಕೋಣೆಯಿಂದ ಬಾಣಂತಿ ಅಕ್ಕನ ಅಳು. ಬಾಚಣಿಗೆ ತುಂಬಾ ಕೂದಲು. ಅದೇ ದೊಡ್ಡಮ್ಮ ಅವಳ ತಲೆ ಸವರಿ, "ಬಾಣಂತಿ ಅಲ್ವೇನೇ, ಮೂರು ತಿಂಗಳಿಗೆ ಉದುರತ್ತೆ. ಮತ್ತೆ ಬರತ್ತೆ ಬಿಡು. ಹೊಟ್ಟೆ ತುಂಬಾ ಊಟ ಮಾಡು," ಅಂದರು.

ಇದೆಂಥ ನ್ಯಾಯ ಸ್ವಾಮಿ? ನಮ್ಮಿಬ್ಬರ ತಲೆಯಲ್ಲಿ ಆಗಿರುವುದು ಒಂದೇ. ಅವಳಿಗೆ ಸಮಾಧಾನ, ನನಗೆ ಶಾಪ!

ಇದಕ್ಕೆ ಟೆಲೋಜೆನ್ ಎಫ್ಲುವಿಯಮ್ ಅಂತ ಹೆಸರು. 1961ರಲ್ಲಿ ಆಲ್ಬರ್ಟ್ ಕ್ಲಿಗ್ಮನ್ ಎಂಬ ಚರ್ಮವೈದ್ಯರು ಇಟ್ಟದ್ದು. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ನೂರರಲ್ಲಿ 85-90 ಬೆಳೆಯುತ್ತಿರುತ್ತವೆ, ಮಿಕ್ಕವು ವಿಶ್ರಾಂತಿಯಲ್ಲಿ. ದಿನಕ್ಕೆ 50-100 ಉದುರುವುದು ಎಲ್ಲರಿಗೂ ಇದ್ದದ್ದೇ. ಆದರೆ ಹೆರಿಗೆ, ಟೈಫಾಯ್ಡ್, ಡೆಂಗಿ, ದೊಡ್ಡ ಆಪರೇಶನ್, ಗಬಕ್ಕನೆ ಇಳಿದ ತೂಕ, ಹೀಗೆ ದೇಹಕ್ಕೆ ಯಾವುದೇ ದೊಡ್ಡ ಪೆಟ್ಟು ಬಿದ್ದರೂ ತುಂಬಾ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತವೆ. ಹಾಗೆ ಹೋದದ್ದು ಅವತ್ತೇ ಉದುರುವುದಿಲ್ಲ. ಎರಡು ಮೂರು ತಿಂಗಳು ಅಲ್ಲೇ ಕೂತಿದ್ದು, ಆಮೇಲೆ ಗುಂಪಾಗಿ ಹೊರಡುತ್ತವೆ. ಬುಡ ಸತ್ತಿರುವುದಿಲ್ಲ. ಸಾಮಾನ್ಯವಾಗಿ ಶುರುವಾದ ಆರು ತಿಂಗಳೊಳಗೆ ಉದುರುವುದು ತಗ್ಗುತ್ತದೆ. ಈಗ ತೂಕ ಇಳಿಸುವ ಇಂಜೆಕ್ಷನ್ ತಗೊಳ್ಳುವವರಲ್ಲೂ ಕೆಲವರಿಗೆ ಇದು ಕಾಣಿಸಿಕೊಳ್ಳುತ್ತಿದೆ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕಂದ್ರೆ, ಇವತ್ತು ಸರ್ವರ್ ಬಿದ್ದದ್ದಕ್ಕೆ ಇವತ್ತಿನ ಕೋಡ್ ಕಾರಣ ಅಲ್ಲ, ಮೂರು ತಿಂಗಳ ಹಿಂದಿನ ರಿಲೀಸು ಕಾರಣ. ಈ ಮೂರು ತಿಂಗಳ ಅಂತರ ಗೊತ್ತಿಲ್ಲದ್ದರಿಂದಲೇ ಇಡೀ ಒಂದು ವ್ಯಾಪಾರ ನಡೆಯುತ್ತಿದೆ. ಕೂದಲು ಉದುರಲು ಶುರುವಾದ ಮೇಲೆ ನೀವು ಗಾಬರಿಯಾಗಿ ಎಣ್ಣೆ ಕೊಳ್ಳುತ್ತೀರಿ. ಕೆಲವು ತಿಂಗಳಲ್ಲಿ ಉದುರುವುದು ತಾನಾಗಿಯೇ ನಿಲ್ಲುತ್ತದೆ. ಹೆಸರು ಯಾರಿಗೆ? ಎಣ್ಣೆಗೆ! ಕಾಲ ಮಾಡಿದ ಕೆಲಸಕ್ಕೆ ಬಾಟಲಿಯವನು ಬಿಲ್ ಹಾಕುತ್ತಾನೆ.

ಎಣ್ಣೆಯಾದರೂ ಪರವಾಗಿಲ್ಲ, ಬರೀ ದುಡ್ಡು ಹೋಗುತ್ತದೆ. ಬಯೋಟಿನ್ ಅಂತ ಒಂದಿದೆ ನೋಡಿ, ಅದು ಹಾಗಲ್ಲ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು. ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ! ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಅದರ ಮೇಲೆ, ರಕ್ತ ಪರೀಕ್ಷೆಯ ಫಲಿತಾಂಶವನ್ನೇ ಅದು ತಪ್ಪಿಸಬಲ್ಲದು. ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಹಚ್ಚುವ ಟ್ರೋಪೋನಿನ್ ಪರೀಕ್ಷೆ ಎರಡೂ ತಪ್ಪು ಬರಬಹುದು ಅಂತ ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಆಪರೇಶನ್ ಆದವರು ಪದೇ ಪದೇ ರಕ್ತ ಪರೀಕ್ಷೆ ಮಾಡಿಸುವವರು. ನಮಗೇ ಇದನ್ನು ಮಾರುತ್ತಾರೆ.

ನಾನೇನು ಜಾಣೆ ಅಲ್ಲ. ನಾನೂ ಕೊಂಡೆ, ನುಂಗಿದೆ. ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದೆ. ನಾಲ್ಕನೇ ತಿಂಗಳಲ್ಲಿ ಸ್ನಾನದ ಮನೆಯ ಜಾಲರಿ ಕಟ್ಟಿಕೊಂಡು ನೀರು ನಿಲ್ಲುವಷ್ಟು ಉದುರುತ್ತಿದ್ದಾಗ ಚರ್ಮದ ಡಾಕ್ಟರ ಹತ್ತಿರ ಹೋದೆ. "ಇತ್ತೀಚೆಗೆ ಏನಾದರೂ ಕಾಯಿಲೆ, ಆಪರೇಶನ್?" ಅಂತ ಸರಿಯಾದ ಪ್ರಶ್ನೆಯನ್ನೇ ಕೇಳಿದರು. ನಾನು "ಇಲ್ಲ ಡಾಕ್ಟ್ರೇ" ಅಂದೆ. ಯಾಕೆ? ನಾಚಿಕೆ. "ಸೋಮಾರಿ, ಶಾರ್ಟ್‌ಕಟ್ ಹಿಡಿದಳು" ಅಂತ ಅವರೂ ಅಂದುಕೊಂಡರೆ? ಅವರು ತಲೆಗೆ ಹಚ್ಚುವ ಸೀರಮ್ ಬರೆದುಕೊಟ್ಟರು. ಎರಡು ತಿಂಗಳ ನಂತರ, ಆರನೇ ತಿಂಗಳ ತಪಾಸಣೆಯಲ್ಲಿ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 9 ಅಂತ ಗೊತ್ತಾಯಿತು. ಮನೆಗೆ ಬಂದು ತಿಂದದ್ದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ ನೋಡಿದರೆ, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕಿದ್ದ ಕಡೆ ನನಗೆ ಸಿಗುತ್ತಿದ್ದದ್ದು 35. ಅಂಗೈಯಷ್ಟು ಹೊಟ್ಟೆಗೆ ತಿಳಿಸಾರು ಅನ್ನ ತುಂಬಿಸಿಕೊಂಡರೆ ಇನ್ನೆಷ್ಟು ಸಿಕ್ಕೀತು?

ಅಂದರೆ ಮೊದಲು ಉದುರಿದ್ದಕ್ಕೆ ಆಪರೇಶನ್ ಕಾರಣ ಇರಬಹುದು. ಅದು ನಿಲ್ಲದೆ ಎಳೆದಾಡಿದ್ದಕ್ಕೆ ನನ್ನ ನಾಚಿಕೆಯ ಪಾಲೂ ಇದೆ. ಆ ನಾಚಿಕೆಯನ್ನು ನಾನು ಹುಟ್ಟುವಾಗಲೇ ತಂದಿರಲಿಲ್ಲ. ಇಂಥ ನಾಮಕರಣಗಳಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, "ಬೆಳಗ್ಗೆ ಎದ್ದು ಓಡಬಹುದಿತ್ತಲ್ಲ" ಅನ್ನುವ ನಗುವಿನಲ್ಲಿ ನನ್ನ ತಲೆಗೆ ತುಂಬಿದ್ದು.

ಓಡಬಹುದಿತ್ತಂತೆ! ಹತ್ತು ವರ್ಷ ಓಡಿದ್ದೇನೆ, ಉಪವಾಸ ಮಾಡಿದ್ದೇನೆ, 15 ಕೆಜಿ ಇಳಿಸಿ 20 ಏರಿಸಿದ್ದೇನೆ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ಎದ್ದು ಕೂರುತ್ತಿದ್ದೆ. ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಈ ಆಪರೇಶನ್ ಸೂಕ್ತ, ಏಷ್ಯಾದವರಿಗೆ 27.5ರಿಂದಲೇ ಅದನ್ನು ಪರಿಗಣಿಸಬಹುದು ಅಂತ ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘಗಳು 2022ರಲ್ಲಿ ಹೇಳಿವೆ. ನನ್ನದು 43 ದಾಟಿತ್ತು. ಎಲ್ಲರೂ ಮಾಡಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಬದುಕಿಡೀ ವಿಟಮಿನ್ ಮಾತ್ರೆ, ಬದುಕಿಡೀ ಅಳೆದು ತಿನ್ನುವುದು ಇದೆ. ಇದನ್ನು ಶಾರ್ಟ್‌ಕಟ್ ಅನ್ನುವವರು ಒಂದು ವಾರ ನನ್ನ ಹಾಗೆ ಉಂಡು ತೋರಿಸಲಿ.

ಇನ್ನೊಂದು ಪಕ್ಷವೂ ಇದೆ. "ಅಯ್ಯೋ, ಕೂದಲು ತಾನೇ! ಜೀವ ಉಳಿದಿದೆಯಲ್ಲ" ಅನ್ನುವವರು. ಆಪರೇಶನ್ ಮಾಡಿದ ಕಡೆಯೂ ಇದೇ ಮಾತು. ಗೋಡೆ ತುಂಬಾ ಮೊದಲು-ನಂತರದ ಫೋಟೋಗಳು. ಕೂದಲಿನ ವಿಷಯ ಮಾತ್ರ ಇಂಗ್ಲಿಷ್ ಪುಸ್ತಿಕೆಯ ಕೊನೇ ಪುಟದಲ್ಲಿ ಒಂದು ಸಾಲು. ಅಲ್ಲೇ ತಪಾಸಣೆಗೆ ಬಂದಿದ್ದ ಅರಸೀಕೆರೆ ಕಡೆಯ ಒಬ್ಬ ಅಮ್ಮ ನನ್ನ ಪಕ್ಕ ಕೂತಿದ್ದರು. ತಲೆಗೆ ಸೆರಗು ಹೊದ್ದಿದ್ದರು. "ಆ ಪೌಡರು ಕುಡಿಯೋಕೆ ಶುರು ಮಾಡಿದ್ಮೇಲೇ ಕೂದ್ಲು ಹೋಗಿದ್ದು ಕಣವ್ವ, ಅದ್ಕೇ ನಿಲ್ಲಿಸ್ಬುಟ್ಟೆ" ಅಂದರು. ಅವರು ನಿಲ್ಲಿಸಿದ್ದು ಪ್ರೊಟೀನ್ ಪೌಡರನ್ನು! ಕೂದಲಿಗೆ ಏನು ಬೇಕಿತ್ತೋ ಅದನ್ನೇ. "ಮೂರನೇ ತಿಂಗಳಿಗೆ ಉದುರುತ್ತೆ ತಾಯಿ, ಹೆದರಬೇಡಿ, ಪೌಡರ್ ಬಿಡಬೇಡಿ" ಅಂತ ಮೊದಲೇ ಕನ್ನಡದಲ್ಲಿ ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು. ಕೂದಲು ತಾನೇ ಅಂತ ಬಿಟ್ಟದ್ದು ಊಟದವರೆಗೆ ಬಂದು ನಿಂತಿತ್ತು.

ಅದಕ್ಕೇ, ಇದನ್ನು ಗುಟ್ಟಾಗಿ ಓದುತ್ತಿರುವವರಿಗೆ ಎರಡು ಮಾತು. ದಿನಕ್ಕೆ 60 ಗ್ರಾಂ ಪ್ರೊಟೀನ್ ಮೊದಲು, ಮಿಕ್ಕದ್ದು ಆಮೇಲೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ ಸುಮಾರು 18. ಐರನ್ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಫೆರಿಟಿನ್, ಬಿ12, ವಿಟಮಿನ್ ಡಿ, ಸತು ಪರೀಕ್ಷೆ ಮಾಡಿಸಿ. ಸತುವಿನ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ತಗೋಬೇಡಿ, ಹೆಚ್ಚಾದರೆ ತಾಮ್ರ ಕಡಿಮೆಯಾಗುತ್ತದೆ. ದಿನಾ ವಾಂತಿ ಆಗುತ್ತಿದ್ದರೆ ಕೂದಲಿನ ಯೋಚನೆ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಬಿ1 ಕೊರತೆಯಾದರೆ ಮಿದುಳಿಗೇ ಅಪಾಯ. ವರ್ಷ ಕಳೆದರೂ ಉದುರುತ್ತಿದ್ದರೆ, ಅಥವಾ ಅಲ್ಲಲ್ಲಿ ಬೋಳು ಬಿದ್ದರೆ, ಕಾರಣ ಬೇರೆ ಇರಬಹುದು, ತೋರಿಸಿ. ಡಾಕ್ಟರಿಗೆ ಮಾತ್ರ ಸುಳ್ಳು ಹೇಳಬೇಡಿ... ನಾನು ಹೇಳಿ ಎರಡು ತಿಂಗಳು ಕಳೆದುಕೊಂಡೆ.

ಈಗ ಹಣೆಯ ಅಂಚಿನಲ್ಲಿ ಚಿಕ್ಕ ಚಿಕ್ಕ ಕೂದಲು ಮುಳ್ಳಿನ ಹಾಗೆ ಎದ್ದು ನಿಂತಿವೆ. ಎಷ್ಟು ಬಾಚಿದರೂ ಕೂರುವುದಿಲ್ಲ :) ತಿಂಗಳಿಗೆ ಒಂದು ಸೆಂಟಿಮೀಟರ್ ಅಂದರೆ ಮೊದಲಿನ ಜಡೆಗೆ ಇನ್ನೂ ಐದಾರು ವರ್ಷ ಬೇಕು. ಕಾಯುತ್ತೇನೆ ಬಿಡಿ.

ದೊಡ್ಡಮ್ಮ ಇದನ್ನು ಓದುವುದಿಲ್ಲ. ಆದರೆ ನಿಮ್ಮ ಮನೆಯಲ್ಲೂ ಯಾರದೋ ಕೂದಲು ಉದುರುತ್ತಿರುತ್ತದೆ. ಅವರ ಜಡೆ ಹಿಡಿದು ಎತ್ತುವ ಮೊದಲು, ಬಾಣಂತಿಗೆ ಹೇಳಿದ ಆ ಒಂದು ಮಾತನ್ನು ಅವರಿಗೂ ಹೇಳಿ. "ಮತ್ತೆ ಬರತ್ತೆ ಬಿಡು. ಊಟ ಸರಿಯಾಗಿ ಮಾಡ್ತಿದ್ದೀಯಾ?"