ಕಾರಂಜಿಗೆ ಕರೆಂಟು, ಸುರಂಗಕ್ಕೆ ಮಣ್ಣು

ಹಳೆಮನೆಯನ್ನು ಹೊಸದು ಮಾಡುವುದು ಅವರವರ ಇಷ್ಟ. ನಮ್ಮ ತಕರಾರಿಲ್ಲ. ಆದರೆ ಹಿತ್ತಿಲ ಸುರಂಗದ ಬಾಯಿಗೆ ಮಣ್ಣು ತುಂಬಿಸಿ, ಗೇಟಿನೆದುರು ಮೋಟಾರಿನ ಕಾರಂಜಿ ಕೂರಿಸುವುದನ್ನು ಕಂಡೂ ಸುಮ್ಮನಿರಲು ನಮ್ಮಿಂದಾಗದು.

ನಮ್ಮ ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಹಿರಿಯರು ಗುಡ್ಡದ ಮುರಕಲ್ಲನ್ನು ಪಿಕಾಸಿಯಿಂದ ಅಡ್ಡಕ್ಕೆ ಕೊರೆದು ನೀರು ಕಂಡವರು. ಒಳಗೆ ಗಾಳಿ ಸಾಲದು, ಮಣ್ಣು ಕುಸಿದರೆ ಜೀವಕ್ಕೇ ಅಪಾಯ. ಹಾಗೆ ದಕ್ಕಿದ ನೀರು ಅಡಿಕೆ ಮರದ ದಂಬೆಯಲ್ಲಿ ತಾನಾಗಿ ಹರಿದು ಮನೆಯ ತೊಟ್ಟಿಗೆ ಬೀಳುತ್ತಿತ್ತು. ಕರೆಂಟೂ ಬೇಡ, ಬಿಲ್ಲೂ ಇಲ್ಲ. ಈ ಕಾರಂಜಿಯೋ, ಇದ್ದ ನೀರನ್ನೇ ಮತ್ತೆ ಮತ್ತೆ ಚಿಮ್ಮಿಸುತ್ತದೆ; ಕುಡಿಯಲು ಒಂದು ಕೊಡ ನೀರು ಕೊಡದು.

"ಸುರಂಗದಲ್ಲಿ ಹಾವು, ಬಾವಲಿ" ಎನ್ನುತ್ತೀರಾ? ಬಾಯಿಗೆ ಬಲೆಯ ಬಾಗಿಲಿಡಿ, ಹೂಳು ತೆಗೆಸಿ. ಮುಚ್ಚುವುದೇಕೆ?

ಇಂದು ತರಗತಿಯಲ್ಲಿ 'ದಂಬೆ' ಎಂದರೆ ಮಕ್ಕಳು ಮುಖ ಮುಖ ನೋಡುತ್ತಾರೆ. ವಸ್ತುವೇ ಹೋದ ಮೇಲೆ ಪದ ಉಳಿದೀತೆ? 1956ರಲ್ಲಿ ಗಡಿಗೆರೆ ಎಳೆದವರು ಬೇರೆಯವರು. ಸುರಂಗಕ್ಕೆ ಮಣ್ಣು ಹಾಕುತ್ತಿರುವವರು ನಾವೇ.

ಪೋಷಕರೇ, ಮನೆಯ ನಕ್ಷೆಯಲ್ಲಿ ಮೊದಲು ಸುರಂಗಕ್ಕೆ ಜಾಗ ಬಿಡಿ. ಕಾರಂಜಿ ಆಮೇಲೆ.